ಕೌಶಲ್ಯದ ಡಿಜಿಟಲ್ ಪ್ರಮಾಣಪತ್ರ

ಕೌಶಲ್ಯದ ಡಿಜಿಟಲ್ ಪ್ರಮಾಣಪತ್ರವು ಒಬ್ಬ ವ್ಯಕ್ತಿಗೆ ನಿರ್ದಿಷ್ಟ ಕೆಲಸದಲ್ಲಿ ಪರಿಣತಿಯಿದೆ ಎಂದು ಅಧಿಕೃತ ಸಂಸ್ಥೆಯೊಂದು ವಿದ್ಯುನ್ಮಾನ ರೂಪದಲ್ಲಿ ನೀಡುವ ದಾಖಲೆಯಾಗಿದೆ. ಇದರ ವಿಶ್ವಾಸಾರ್ಹತೆಯು ಎರಡು ಪ್ರಶ್ನೆಗಳನ್ನು ಅವಲಂಬಿಸಿದೆ: ಪತ್ರವು ಅಸಲಿಯೇ? ಅದರಲ್ಲಿ ಹೇಳಿರುವ ಪರಿಣತಿ ನಿಜವೇ? ತಂತ್ರಜ್ಞಾನವು ಮೊದಲನೆಯದಕ್ಕೆ ಮಾತ್ರ ಉತ್ತರಿಸುತ್ತದೆ. ಬಾಗಲಕೋಟೆ ಜಿಲ್ಲೆಯ ಇಳಕಲ್ ನೇಕಾರರಂತೆ ಮನೆಯಲ್ಲಿಯೇ ಕಸುಬು ಕಲಿತವರ ವಿಷಯದಲ್ಲಿ ಈ ವ್ಯತ್ಯಾಸವು ಮುಖ್ಯವಾಗುತ್ತದೆ.

ಹಿನ್ನೆಲೆ

ಪರಿಣತಿಯನ್ನು ಬಹಿರಂಗವಾಗಿ ಮಾನ್ಯ ಮಾಡುವ ಪದ್ಧತಿ ಈ ಭಾಗದಲ್ಲಿ ಪ್ರಾಚೀನವಾದುದು. ಬಾದಾಮಿ ತಾಲ್ಲೂಕಿನ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು 8ನೆಯ ಶತಮಾನದಲ್ಲಿ ಚಾಲುಕ್ಯ ದೊರೆ ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದಳು. ಅದರ ಸೂತ್ರಧಾರಿ ಗುಂಡನಿಗೆ ‘ತ್ರಿಭುವನಾಚಾರಿ’ ಎಂಬ ಬಿರುದು ದೊರೆತುದನ್ನು ಅಲ್ಲಿನ ಶಾಸನವು ದಾಖಲಿಸುತ್ತದೆ. ಬಿರುದಿಗೆ ಕಾರಣವಾದ ಕೆಲಸವೂ ಶಾಸನದ ಬಳಿಯಲ್ಲೇ ಇರುವುದರಿಂದ ನೋಡುಗರು ಎರಡನ್ನೂ ಹೋಲಿಸಬಹುದು.

ಪರಿಶೀಲನೆಯ ವಿಧಾನ

ಸಂಸ್ಥೆಯು ತನ್ನ ರಹಸ್ಯ ಕೀಲಿಯಿಂದ ಪತ್ರಕ್ಕೆ ಡಿಜಿಟಲ್ ಸಹಿ ಹಾಕುತ್ತದೆ. ಪರಿಶೀಲಿಸುವವರು ಆ ಸಂಸ್ಥೆಯ ಬಹಿರಂಗ ಕೀಲಿಯಿಂದ ಸಹಿಯನ್ನು ತಾಳೆ ನೋಡುತ್ತಾರೆ. ಪತ್ರದಲ್ಲಿ ಒಂದು ಅಕ್ಷರ ಬದಲಾದರೂ ತಾಳೆ ತಪ್ಪುತ್ತದೆ. ಭಾರತದಲ್ಲಿ ಇಂತಹ ಸಹಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000 ಮಾನ್ಯತೆ ನೀಡಿದೆ.

2015ರಲ್ಲಿ ಆರಂಭವಾದ ಡಿಜಿಲಾಕರ್‌ನಲ್ಲಿ ಎರಡು ಬಗೆಯ ದಾಖಲೆಗಳಿರುತ್ತವೆ. ಸಂಸ್ಥೆಯಿಂದ ನೇರವಾಗಿ ಬಂದ ದಾಖಲೆಯು ಮೂಲಪ್ರತಿಗೆ ಸಮಾನ. ಬಳಕೆದಾರರು ತಾವೇ ಸ್ಕ್ಯಾನ್ ಮಾಡಿ ಸೇರಿಸಿದ ಪ್ರತಿಗೆ ಆ ಸ್ಥಾನವಿಲ್ಲ. ನಕಲಿ ಪತ್ರದ ಕ್ಯೂಆರ್ ಕೋಡ್ ನಕಲಿ ಜಾಲತಾಣವನ್ನೇ ತೆರೆಯಬಹುದಾದ ಕಾರಣ, ತೆರೆದ ತಾಣದ ವಿಳಾಸವನ್ನೂ ಗಮನಿಸಬೇಕಾಗುತ್ತದೆ.

ಇಳಕಲ್ ನೇಯ್ಗೆ

ಹಿಂದೆ ಹುನಗುಂದ ತಾಲ್ಲೂಕಿಗೆ ಸೇರಿದ್ದ ಇಳಕಲ್ ಈಗ ಪ್ರತ್ಯೇಕ ತಾಲ್ಲೂಕು ಕೇಂದ್ರ. ಇಲ್ಲಿನ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆಬೇರೆಯಾಗಿ ಸಿದ್ಧಪಡಿಸಿ, ಎಳೆಗಳನ್ನು ಕೊಂಡಿಗಳಂತೆ ಕೂಡಿಸಲಾಗುತ್ತದೆ. ಈ ಕುಶಲತೆಯು ಹಿರಿಯರ ಮಗ್ಗದ ಬಳಿ ರೂಢಿಯಿಂದ ಬರುವಂಥದು. ಹೀಗೆ ಅನುಭವದಿಂದ ಗಳಿಸಿದ ಪರಿಣತಿಯನ್ನು ಪರೀಕ್ಷಿಸಿ ಪ್ರಮಾಣೀಕರಿಸಲು, 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ್ಯ ವಿಕಾಸ ಯೋಜನೆಯಡಿ ‘ಪೂರ್ವಕಲಿಕೆಯ ಮಾನ್ಯತೆ’ ಎಂಬ ವ್ಯವಸ್ಥೆಯನ್ನು ರೂಪಿಸಲಾಯಿತು.

ಬಟ್ಟೆಗೆ ಸಂಬಂಧಿಸಿದ ಗುರುತುಗಳು ಇದಕ್ಕಿಂತ ಭಿನ್ನ. 2006ರಲ್ಲಿ ಬಂದ ಕೈಮಗ್ಗ ಮುದ್ರೆಯು ಬಟ್ಟೆ ಕೈಮಗ್ಗದ್ದೆಂದು ಸೂಚಿಸುತ್ತದೆ. ಇಳಕಲ್ ಸೀರೆಗೆ ದೊರೆತಿರುವ ಭೌಗೋಳಿಕ ಸೂಚಕವು ಅದರ ಮೂಲ ಪ್ರದೇಶವನ್ನು ತಿಳಿಸುತ್ತದೆ. ನೇಕಾರರ ವೈಯಕ್ತಿಕ ಪರಿಣತಿಯನ್ನು ಇವೆರಡೂ ಹೇಳುವುದಿಲ್ಲ.

ಮಿತಿಗಳು

ಪರೀಕ್ಷೆಯೇ ಸಡಿಲವಾಗಿದ್ದರೆ ಸಹಿ ಅಸಲಿಯಾಗಿದ್ದರೂ ಪತ್ರಕ್ಕೆ ಬೆಲೆ ಬರುವುದಿಲ್ಲ. ಇನ್ನೊಂದೆಡೆ, ಪತ್ರವಿಲ್ಲದ ನುರಿತ ನೇಕಾರರ ಪರಿಣತಿಯನ್ನು ಪರಿಚಯವಿಲ್ಲದ ದೂರದ ಖರೀದಿದಾರರು ತಿಳಿಯಲಾರರು. ಆದುದರಿಂದ ಪರೀಕ್ಷಿಸಿದವರು ಯಾರು, ಯಾವ ಕೆಲಸವನ್ನು ಮಾಡಿಸಿ ನೋಡಿದರು, ಯಾವಾಗ, ಪತ್ರವು ಈಗಲೂ ಊರ್ಜಿತದಲ್ಲಿದೆಯೇ ಎಂಬ ವಿವರಗಳು ಸಹಿಯಷ್ಟೇ ಅವಶ್ಯಕ.