ಹರಿಯದ ಸೂಟು, ಬಟ್ಟೆ ಒಗೆಯೋ ಅಜ್ಜಿ

ಒಂದು ಬಟ್ಟೆ ಇದೆ ಅಂದ್ಕೊಳ್ಳಿ. ಕೊಳೆ ಆಗಲ್ಲ, ಹರಿಯಲ್ಲ, ಒಮ್ಮೆ ಹೊಲಿಸಿದ್ರೆ ಜೀವನಪೂರ್ತಿ ಸಾಕು. ಇದರಿಂದ ನಷ್ಟ ಯಾರಿಗೆ? ಇವತ್ತಿನ ಎಪಿಸೋಡ್, ಇದೇ ಪ್ರಶ್ನೆ ಕೇಳಿದ ಒಂದು ಹಳೇ ಬ್ರಿಟಿಷ್ ಕಾಮಿಡಿ ಬಗ್ಗೆ.

ಸಿನಿಮಾ ‘ದಿ ಮ್ಯಾನ್ ಇನ್ ದಿ ವೈಟ್ ಸೂಟ್’. 1951ರಲ್ಲಿ ಲಂಡನ್ನಿನ ಈಲಿಂಗ್ ಸ್ಟುಡಿಯೋಸ್ ತಯಾರಿಸಿದ್ದು, ನಿರ್ದೇಶಕ ಅಲೆಕ್ಸಾಂಡರ್ ಮೆಕೆಂಡ್ರಿಕ್. ಬ್ರಿಟನ್ನಿನಲ್ಲಿ ಬಟ್ಟೆಗೆ ರೇಷನ್ ಮುಗಿದದ್ದು 1949ರಲ್ಲಿ. ಹಾಗಾಗಿ ಹರಿಯದ ಬಟ್ಟೆ ಅಂದ್ರೆ ಅಲ್ಲಿನ ಪ್ರೇಕ್ಷಕರಿಗೆ ಬರೀ ಜೋಕ್ ಆಗಿರಲಿಲ್ಲ.

ನಾಯಕ ಸಿಡ್ನಿ. ಪಾತ್ರ ಮಾಡಿದ್ದು ಅಲೆಕ್ ಗಿನ್ನೆಸ್. ಗಿರಣಿಗಳಲ್ಲಿ ಸಣ್ಣಪುಟ್ಟ ಕೆಲಸಕ್ಕೆ ಸೇರಿ, ಕದ್ದುಮುಚ್ಚಿ ಲ್ಯಾಬ್‌ನಲ್ಲಿ ಪ್ರಯೋಗ ಮಾಡ್ತಾನೆ. ಕೊನೆಗೂ ಆ ಬಟ್ಟೆ ಸಿದ್ಧವಾಗುತ್ತೆ. ಅದಕ್ಕೆ ಬಣ್ಣ ಹಿಡಿಯಲ್ಲ, ಸೂಟು ಬೆಳ್ಳಗೆ ಹೊಳೀತಿರುತ್ತೆ.

ಮಾಲೀಕರ ಲೆಕ್ಕ ನಮ್ಮ ಬಿಕಾಂ ಪಾಠದ್ದೇ: ಹಳೇದು ಸವೆದ್ರೆ ಮಾತ್ರ ಹೊಸದು ಮಾರಾಟ. ಅದಕ್ಕೆ ಹಕ್ಕನ್ನೇ ಕೊಂಡುಕೊಂಡು ಮೂಲೆಗೆ ಹಾಕೋಕೆ ನೋಡ್ತಾರೆ. ಕಾರ್ಮಿಕರ ಲೆಕ್ಕ ಬೇರೆ: ಎಲ್ಲರಿಗೂ ಒಂದು ಸಲ ಸಾಕಾಗೋವಷ್ಟು ನೇಯ್ದ ಮೇಲೆ ಕೆಲಸ ಎಲ್ಲಿರುತ್ತೆ? ದಿನಾ ಜಗಳ ಆಡೋ ಎರಡೂ ಕಡೆಯವರು ಈಗ ಒಂದಾಗಿ ಸಿಡ್ನಿ ಬೆನ್ನು ಹತ್ತುತ್ತಾರೆ. ಹಾಸ್ಯ ಹುಟ್ಟೋದೇ ಇಲ್ಲಿಂದ.

ಆದ್ರೆ ಇಲ್ಲೇ ನಾವು ಸ್ವಲ್ಪ ನಿಲ್ಲಬೇಕು. ಸಿನಿಮಾ ಇಬ್ಬರನ್ನೂ ಹೆಚ್ಚೂಕಡಿಮೆ ಒಂದೇ ತಕ್ಕಡಿಯಲ್ಲಿಟ್ಟು ನಗುತ್ತೆ. ಮಾಲೀಕನಿಗೆ ಹೋಗೋದು ಲಾಭ, ಕೂಲಿಯವನಿಗೆ ಹೋಗೋದು ಊಟ. ಎರಡೂ ಒಂದೇನಾ? ನನಗೆ ಹಾಗನಿಸಲ್ಲ.

ಈ ವ್ಯತ್ಯಾಸ ನಿಜವಾಗಿ ಕಾಣೋದು ಒಂದು ಪುಟ್ಟ ದೃಶ್ಯದಲ್ಲಿ. ಜನ ಅಟ್ಟಿಸಿಕೊಂಡು ಬರ್ತಿದ್ದಾರೆ. ಹೊಳೆಯೋ ಸೂಟು ಮುಚ್ಚಿಕೊಳ್ಳೋಕೆ ಏನಾದ್ರೂ ಕೊಡಿ ಅಂತ ಸಿಡ್ನಿ ತನ್ನ ಬಾಡಿಗೆಮನೆಯ ಅಜ್ಜಿಯನ್ನ ಕೇಳ್ತಾನೆ. ಅವಳು ಕೊಡಲ್ಲ. ಬಟ್ಟೆ ಕೊಳೆಯೇ ಆಗದಿದ್ರೆ, ಒಗೆದು ನಾಲ್ಕು ಕಾಸು ಸಂಪಾದಿಸೋ ನನ್ನ ಗತಿಯೇನು ಅನ್ನೋದು ಅವಳ ಪ್ರಶ್ನೆ. ಮಾಲೀಕರ ಮುಂದೆ, ಯೂನಿಯನ್ ಮುಂದೆ ಜಗ್ಗದ ಸಿಡ್ನಿ ಇಲ್ಲಿ ಮಾತೇ ಇಲ್ಲದೆ ನಿಂತುಬಿಡ್ತಾನೆ.

ಗಮನಿಸಿ, ಅವಳಿಗೆ ಷೇರೂ ಇಲ್ಲ, ಯೂನಿಯನ್ನೂ ಇಲ್ಲ. ಮಾತುಕತೆಯ ಮೇಜಿಗೆ ಅವಳನ್ನ ಯಾರೂ ಕರೆದಿಲ್ಲ. ಸಿನಿಮಾ ಕೂಡ ಅವಳಿಗೆ ಕೊಟ್ಟಿದ್ದು ಕೆಲವೇ ಕ್ಷಣ. ಆಮೇಲೆ ಸೂಟು ಹಿಂಜಿದ ಹತ್ತಿಯ ಹಾಗೆ ಕಿತ್ತು ಬರುತ್ತೆ, ಗುಂಪು ನಗುತ್ತೆ, ಎಲ್ಲರಿಗೂ ನಿರಾಳ. ಸಿಡ್ನಿ ಮಾತ್ರ ಇನ್ನೊಂದು ಪ್ರಯೋಗದ ಯೋಚನೆಯಲ್ಲಿ ನಡೆದುಹೋಗ್ತಾನೆ. ಅಜ್ಜಿಯ ಪ್ರಶ್ನೆಗೆ ಉತ್ತರ ಸಿಗೋದೇ ಇಲ್ಲ.

ಹಳೇ ಕಾಮಿಡಿ ನೋಡುವಾಗ ಯಾರನ್ನ ನೋಡಿ ನಗ್ತಿದ್ದೀವಿ ಅನ್ನೋದರ ಜೊತೆಗೆ, ಯಾರಿಗೆ ಎಷ್ಟು ಹೊತ್ತು ಮಾತಾಡೋಕೆ ಬಿಟ್ಟಿದ್ದಾರೆ ಅಂತಾನೂ ನೋಡಿ. ನಿಮಗೆ ಯಾವ ಸಿನಿಮಾ ನೆನಪಾಯ್ತು, ನಮಗೆ ಬರೆದು ಕಳಿಸಿ. ಮತ್ತೆ ಸಿಗೋಣ.