ಕೆಲಸ ಹೋದವನ ಕ್ವಾರಂಟೈನ್ ಬಿಲ್ಲು

2020ರ ಮೇ 12ರ ರಾತ್ರಿ ದುಬೈಯಿಂದ ಮೊದಲ 'ವಂದೇ ಭಾರತ್' ವಿಮಾನ ಮಂಗಳೂರಿಗೆ ಬಂತು. ಊರು ಮುಟ್ಟಿದ ಸಮಾಧಾನ ಒಂದು ಕಡೆ, ಹೋಟೆಲಿನ ಬಿಲ್ಲು ಇನ್ನೊಂದು ಕಡೆ.

ಆ ದಿನಗಳಲ್ಲೇ ಮಹಾರಾಷ್ಟ್ರದಿಂದ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಗೆ ರಸ್ತೆಯಲ್ಲಿ ವಾಪಸಾದ ದುಡಿಯುವ ಜನರಿಗೂ ಕ್ವಾರಂಟೈನ್ ಇತ್ತು. ಅವರನ್ನು ಸರಕಾರಿ ಹಾಸ್ಟೆಲಿನಲ್ಲಿಟ್ಟರು, ಖರ್ಚು ಸರಕಾರದ್ದು. ಹೋಟೆಲೇ ಬೇಕು ಅಂದವರು ಮಾತ್ರ ದುಡ್ಡು ಕೊಡಬೇಕಿತ್ತು.

ವಿಮಾನದವರಿಗೆ ಬೇರೆ ಲೆಕ್ಕ. ಗಲ್ಫಿನಿಂದ ಬಂದವನು ಅಂದರೆ ದುಡ್ಡಿದ್ದವನೇ ಅಂತ ನಂಬಿದ ಹಾಗೆ! ಮೇ 24ರ ಕೇಂದ್ರದ ಮಾರ್ಗಸೂಚಿ ಪ್ರಕಾರ ವಿಮಾನ ಹತ್ತುವ ಮೊದಲೇ ಮುಚ್ಚಳಿಕೆ ಬರೆದುಕೊಡಬೇಕು: 7 ದಿನ ಸ್ವಂತ ಖರ್ಚಿನ ಕ್ವಾರಂಟೈನ್, ಆಮೇಲೆ 7 ದಿನ ಮನೆಯಲ್ಲಿ. ಕರ್ನಾಟಕ ಸರಕಾರ ಹೋಟೆಲಿನ ದರ ಗೊತ್ತು ಮಾಡಿತ್ತು, ಬಜೆಟ್ ಹೋಟೆಲಿಗೆ ದಿನಕ್ಕೆ 1,200 ರೂಪಾಯಿ. ಏಳು ದಿನಕ್ಕೆ 8,400. ಸಂಬಳ ನಿಂತು ತಿಂಗಳಾದವನಿಗೆ ಇದು ಸಣ್ಣ ಮೊತ್ತವಾ?

ಗರ್ಭಿಣಿಯರು, ಮನೆಯಲ್ಲಿ ಮರಣ ಆದವರು, ತೀವ್ರ ಕಾಯಿಲೆಯವರು, 10 ವರ್ಷದೊಳಗಿನ ಮಕ್ಕಳ ಜೊತೆ ಬಂದ ತಂದೆತಾಯಿ, ಇವರಿಗೆ 14 ದಿನವೂ ಮನೆಯಲ್ಲೇ ಇರುವ ವಿನಾಯಿತಿ ಇತ್ತು. ಒಳ್ಳೆಯದೇ. ಆದರೆ ಕೆಲಸ ಕಳಕೊಂಡವನ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ.

ಇದೇನು ಹೊಸತಲ್ಲ. ಹಡಗಿನಲ್ಲಿ ಹಜ್ಜಿಗೆ ಹೋದ ಹಿರಿಯರ ಕಾಲದಲ್ಲಿ ಕೆಂಪು ಸಮುದ್ರದ ಕಮರಾನ್ ದ್ವೀಪದಲ್ಲಿ ಕ್ವಾರಂಟೈನ್ ಇತ್ತು, ಅದರ ಶುಲ್ಕವೂ ಯಾತ್ರಿಕರ ತಲೆಗೇ.

ಪಕ್ಕದ ಕೇರಳವೂ ಮೇ 26ರಂದು ಹೊರದೇಶದಿಂದ ಬಂದವರೆಲ್ಲ ಹಣ ಕಟ್ಟಬೇಕು ಅಂದಿತ್ತು. ಗದ್ದಲ ಎದ್ದ ಮೇಲೆ, ಬಡವರಿಂದ ತೆಗೆದುಕೊಳ್ಳುವುದಿಲ್ಲ ಎಂದು ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಅವರೇ ಹೇಳಬೇಕಾಯಿತು.