ಉಂಡು ಮಲಗಿದ ಮೇಲೂ ಮುಗಿಯದ್ದು

"ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ."

ಗಾದೆಯ ಮೇಲೆ ನನಗೆ ತಕರಾರಿಲ್ಲ, ಅದನ್ನು ಹೇಳುವ ಜಾಗದ ಮೇಲಿದೆ. ಜಗಳದಲ್ಲಿ ಇಬ್ಬರೂ ಬಾಯಿ ಮಾಡುತ್ತಾರೆ. ಅಪ್ಪನ ಬೈಕಿನ ಸದ್ದು ಕೇಳಿದೊಡನೆ ಮಕ್ಕಳು ಟಿವಿ ಆರಿಸುವ, ಅಮ್ಮ ಸಾರಿನ ಉಪ್ಪನ್ನು ಮೂರನೇ ಸಲ ನೋಡುವ ಮನೆಯಲ್ಲಿ ಭಯವೆಲ್ಲ ಒಂದೇ ಕಡೆಗಿರುತ್ತದೆ. ಅದಕ್ಕೆ ಜಗಳವೆಂಬ ಹೆಸರು ಸಲ್ಲದು.

"ಕೈ ಎತ್ತಿಲ್ಲವಲ್ಲ, ಮತ್ತೇನು ಹಿಂಸೆ?"

2005ರ ಕೌಟುಂಬಿಕ ಹಿಂಸೆ ಕಾಯ್ದೆ ದೈಹಿಕ ಹಿಂಸೆಯ ಜೊತೆಗೆ ಲೈಂಗಿಕ, ಆರ್ಥಿಕ, ಮಾತಿನ ಮತ್ತು ಮಾನಸಿಕ ಹಿಂಸೆಯನ್ನೂ ಹೆಸರಿಸುತ್ತದೆ. ಸಂಬಳದ ದಿನ ಎಟಿಎಂ ಕಾರ್ಡ್ ಕಿತ್ತುಕೊಳ್ಳುವುದು, ತವರಿನ ಒಡವೆಯನ್ನು ಹೇಳದೆ ಅಡವಿಡುವುದು, ಗಂಡು ಹೆರಲಿಲ್ಲವೆಂದು ಚುಚ್ಚುವುದು ಎಲ್ಲವೂ ಅದರೊಳಗೇ ಬರುತ್ತವೆ. ದೂರು ಕೊಡಬಹುದಾದವಳು ಹೆಂಡತಿಯೊಬ್ಬಳೇ ಅಲ್ಲ. ತಾಯಿ, ಅಕ್ಕತಂಗಿ, ಮದುವೆಯಾಗದೆ ಸಂಸಾರದಂತೆ ಜೊತೆಗಿರುವವಳು ಕೂಡ.

"ಕುಡಿತ ಬಿಡಿಸಿದರೆ ಸರಿಹೋಗುತ್ತಾನೆ."

ಕುಡಿತ ಏಟಿನ ಬಿರುಸು ಹೆಚ್ಚಿಸುತ್ತದೆ, ನಿಜ. ಆದರೆ ಅದೇ ಅಮಲಿನಲ್ಲಿ ಅವನು ಮೇಸ್ತ್ರಿಯ ಮೈಮುಟ್ಟುವುದಿಲ್ಲ. ಯಾರಿಗೆ ಹೊಡೆದರೆ ದಕ್ಕುತ್ತದೆಂಬ ಲೆಕ್ಕ ಎಷ್ಟು ಕುಡಿದರೂ ತಪ್ಪುವುದಿಲ್ಲ.

"ಅಷ್ಟೊಂದು ಕಷ್ಟವಿದ್ದರೆ ಹೇಳುತ್ತಿರಲಿಲ್ಲವೇ?"

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ, 18ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 44ರಷ್ಟು ಮಂದಿ ಗಂಡನಿಂದ ಹಿಂಸೆ ಕಂಡವರು. ಇಡೀ ದೇಶದಲ್ಲಿ ದೈಹಿಕ ಇಲ್ಲವೇ ಲೈಂಗಿಕ ಹಿಂಸೆ ಕಂಡ ಮಹಿಳೆಯರ ಪೈಕಿ ನೆರವು ಕೇಳಿದವರು ಶೇ. 14, ಶೇ. 77 ಮಂದಿ ಒಬ್ಬರ ಬಳಿಯೂ ಬಾಯಿ ಬಿಟ್ಟಿಲ್ಲ. ಹೇಳಿದವಳಿಗೆ ತವರು ಕೊಡುವ ಉತ್ತರ ಗೊತ್ತೇ ಇದೆ: "ಅನುಸರಿಸಿಕೊಂಡು ಹೋಗಮ್ಮ, ನಿನ್ನ ತಂಗಿಯ ಮದುವೆ ಇದೆ." ಬಿಟ್ಟು ಬಾ ಎನ್ನುವುದೂ ಅಷ್ಟೇ ಹಗುರದ ಮಾತು. ಹೊಸಿಲು ದಾಟುವ ಹೊತ್ತೇ ಬಹಳ ಸಲ ಅತಿ ಅಪಾಯದ ಹೊತ್ತು. ಆಧಾರ್, ಪಾಸ್‌ಬುಕ್, ಮಕ್ಕಳ ಜನನ ಪತ್ರಗಳ ನಕಲನ್ನು ನಂಬಿಕಸ್ತರೊಬ್ಬರ ಮನೆಯಲ್ಲಿ ಮೊದಲೇ ಇಟ್ಟಿರುವುದು ಒಳ್ಳೆಯದು.

"ದೂರು ಕೊಟ್ಟರೆ ಗಂಡ ಜೈಲಿಗೆ, ಸಂಸಾರ ಬೀದಿಗೆ."

ಹೆಚ್ಚಿನವರ ಬಾಯಿ ಕಟ್ಟಿಹಾಕುವುದು ಈ ಒಂದು ಹೆದರಿಕೆ. ಈ ಕಾಯ್ದೆಯಡಿ ಅರ್ಜಿ ಹಾಕಿದ ಮಾತ್ರಕ್ಕೆ ಯಾರೂ ಜೈಲಿಗೆ ಹೋಗುವುದಿಲ್ಲ, ವಿಚ್ಛೇದನವನ್ನೂ ಕೇಳಬೇಕಿಲ್ಲ. ಹೊಡೆಯಬಾರದು, ಮನೆಯಿಂದ ಹೊರಹಾಕಬಾರದು, ಖರ್ಚಿಗೆ ಇಷ್ಟು ಕೊಡಬೇಕು, ಮಕ್ಕಳು ಸದ್ಯ ತಾಯಿಯ ಬಳಿ ಇರಲಿ: ಮ್ಯಾಜಿಸ್ಟ್ರೇಟ್ ಕೊಡಬಹುದಾದ ಆದೇಶಗಳು ಇಂಥವು. ರಕ್ಷಣಾ ಆದೇಶವನ್ನು ಮೀರಿದರೆ ಅದು ಅಪರಾಧ. ಒಂದು ವರ್ಷದವರೆಗೆ ಸೆರೆಮನೆ ಆಗಬಹುದು. ಮನೆ ಮಾವನ ಹೆಸರಲ್ಲಿದ್ದರೂ ಸೊಸೆ ಅಲ್ಲಿ ವಾಸದ ಹಕ್ಕು ಕೇಳಬಹುದೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅರವತ್ತು ದಿನದಲ್ಲಿ ಅರ್ಜಿ ಮುಗಿಸಲು ಯತ್ನಿಸಬೇಕು ಎನ್ನುತ್ತದೆ ಕಾಯ್ದೆ. ನಮ್ಮ ಕೋರ್ಟುಗಳನ್ನು ಕಂಡವರು ಇದನ್ನು ಓದಿ ನಕ್ಕರೆ ನಾನು ತಡೆಯಲಾರೆ. ಆದರೆ ತುರ್ತಿದ್ದರೆ ಮಧ್ಯಂತರ ಆದೇಶ ಕೇಳಲು ದಾರಿ ಇದೆ.

ನೇರ ಪೊಲೀಸ್ ಠಾಣೆಗೇ ಹೋಗಬೇಕೆಂದೂ ಇಲ್ಲ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ (ಸಿಡಿಪಿಒ) ಈ ಕಾಯ್ದೆಯಡಿ ದೂರು ಪಡೆದು ನೆರವಾಗುವ ರಕ್ಷಣಾಧಿಕಾರಿಗಳು. ಅಂಗನವಾಡಿಗಳನ್ನು ನೋಡಿಕೊಳ್ಳುವವರೂ ಅವರೇ. ಮಗುವನ್ನು ಎತ್ತಿಕೊಂಡು ಅಂಗನವಾಡಿಗೆ ಹೊರಟವಳನ್ನು ಎಲ್ಲಿಗೆಂದು ಯಾರೂ ಕೇಳುವುದಿಲ್ಲ. ಸಿಡಿಪಿಒ ಕಚೇರಿಯ ದಾರಿಯನ್ನು ಅಲ್ಲಿಯೇ ಕೇಳಬಹುದು. ನೊಂದ ಮಹಿಳೆಯರಿಗೆಂದೇ ಇರುವ ಸಾಂತ್ವನ ಮತ್ತು ಸಖಿ ಕೇಂದ್ರಗಳಲ್ಲಿ ಆಪ್ತಸಲಹೆ ಉಂಟು, ಸಖಿಯಲ್ಲಿ ಕೆಲ ದಿನ ತಂಗಲೂಬಹುದು.

"ಪಕ್ಕದ ಮನೆ ವಿಷಯ, ನಮಗೇಕೆ?"

ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಹಿಂಸೆ ನಡೆಯುತ್ತಿದೆ ಎಂದು ನಂಬಲು ಕಾರಣವಿರುವ ಯಾರೇ ಆದರೂ ರಕ್ಷಣಾಧಿಕಾರಿಗೆ ತಿಳಿಸಬಹುದು. ಸದುದ್ದೇಶದಿಂದ ಹೇಳಿದವರ ಮೇಲೆ ಕೇಸು ಬೀಳುವುದಿಲ್ಲ. ಗೋಡೆಯಾಚೆ ಏಟು ಕೇಳುತ್ತಿದ್ದರೆ 112ಕ್ಕೆ ಕರೆ ಮಾಡಿ. ಸಲಹೆ, ನೆರವಿಗೆ ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098, ಮನಸ್ಸು ಕುಸಿದಿದ್ದರೆ ಟೆಲಿ ಮಾನಸ್ 14416. ಸಾಧ್ಯವಾದರೆ ಪಕ್ಕದ ಮನೆಯವಳಿಗೆ ನಿಮ್ಮ ಫೋನನ್ನೇ ಕೊಡಿ. ಅವಳದ್ದರಲ್ಲಿ ಯಾರಿಗೆ ಕರೆ ಹೋಗಿದೆ ಎಂದು ರಾತ್ರಿ ಅವನು ನೋಡುತ್ತಾನೆ.